‘ಹಾಕಿಸದ ಮಕ್ಕಳಲ್ಲಿ ಎಷ್ಟು?’: ಲಸಿಕೆಯ ಭಯಕ್ಕೆ ಕೇಳಲೇಬೇಕಾದ ಪ್ರಶ್ನೆ

ಪೆಸಿಫಿಕ್ ಸಾಗರದ ನಡುವೆ ಸಮೋವಾ ಅಂತ ಒಂದು ಪುಟ್ಟ ದೇಶವಿದೆ. ಜನಸಂಖ್ಯೆ ಸುಮಾರು 2 ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. 2018ರ ಜುಲೈನಲ್ಲಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಒಂದು ವರ್ಷದ ಇಬ್ಬರು ಮಕ್ಕಳಿಗೆ ಎಂಎಂಆರ್ ಚುಚ್ಚುಮದ್ದು ಹಾಕಿದರು. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಲಸಿಕೆ ಅದು. ಕೆಲವೇ ನಿಮಿಷಗಳಲ್ಲಿ ಎರಡೂ ಮಕ್ಕಳು ತೀರಿಕೊಂಡವು.

ಹೆತ್ತವರಿಗೆ ಇದಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ಸುದ್ದಿ ಇನ್ನೇನಿರುತ್ತದೆ? ತನಿಖೆ ನಡೆಯಿತು. ಎಂಎಂಆರ್ ಬರುವುದು ಪುಡಿಯ ರೂಪದಲ್ಲಿ. ಅದಕ್ಕೆಂದೇ ಕೊಡುವ ನೀರಿನಲ್ಲಿ ಕಲಸಿ ಹಾಕಬೇಕು. ಆ ದಿನ ಆ ನೀರಿನ ಬದಲು ಬೇರೊಂದು ಔಷಧಿಯಲ್ಲಿ ಕಲಸಿದ್ದರು. ಆಪರೇಷನ್ ಮಾಡುವಾಗ ರೋಗಿಯ ಸ್ನಾಯುಗಳನ್ನು ಸಡಿಲ ಮಾಡಲು ಬಳಸುವ ಔಷಧಿ ಅದು, ಅದೂ ಅವಧಿ ಮುಗಿದದ್ದು. ಮಕ್ಕಳಿಗೆ ಉಸಿರಾಡಲು ಬೇಕಾದ ಸ್ನಾಯುಗಳೇ ಕೆಲಸ ನಿಲ್ಲಿಸಿದವು. ಲಸಿಕೆಯಲ್ಲಿ ದೋಷ ಇರಲಿಲ್ಲ. ತಪ್ಪು ಒಪ್ಪಿಕೊಂಡ ಇಬ್ಬರು ನರ್ಸ್‌ಗಳಿಗೆ ಮರುವರ್ಷ 5 ವರ್ಷಗಳ ಜೈಲು ಶಿಕ್ಷೆಯಾಯಿತು.

ಆದರೆ ತನಿಖೆ ಮುಗಿಯುವವರೆಗೆ ಭಯ ಕಾಯುವುದಿಲ್ಲ. ಸರ್ಕಾರ ಇಡೀ ದೇಶದಲ್ಲಿ ಎಂಎಂಆರ್ ಹಾಕುವುದನ್ನು ತಿಂಗಳುಗಟ್ಟಲೆ ನಿಲ್ಲಿಸಿತು. ಮತ್ತೆ ಶುರು ಮಾಡಿದಾಗ ಎಷ್ಟೋ ತಾಯಂದಿರು ಮಕ್ಕಳನ್ನು ಕರೆತರಲಿಲ್ಲ. ಲಸಿಕೆ ವಿರೋಧಿ ಪ್ರಚಾರಕರು ಈ ಎರಡು ಸಾವುಗಳನ್ನು ಮುಂದಿಟ್ಟುಕೊಂಡು ಮಾತಾಡತೊಡಗಿದರು. ಅಮೆರಿಕದಲ್ಲಿ ಈ ಚಳವಳಿಯ ದೊಡ್ಡ ಹೆಸರಾದ, ಈಗ ಅಲ್ಲಿನ ಆರೋಗ್ಯ ಖಾತೆ ಹೊತ್ತಿರುವ ರಾಬರ್ಟ್ ಎಫ್. ಕೆನಡಿ ಜೂನಿಯರ್ 2019ರ ಜೂನ್‌ನಲ್ಲಿ ಸಮೋವಾಕ್ಕೆ ಹೋಗಿಬಂದರು. ಅಷ್ಟು ಹೊತ್ತಿಗೆ ದಡಾರದ ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ನೂರಕ್ಕೆ ಸುಮಾರು 31ಕ್ಕೆ ಕುಸಿದಿತ್ತು.

ಅದೇ ವರ್ಷದ ಕೊನೆಯಲ್ಲಿ ದಡಾರ ಬಂತು. 5,700ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು. 83 ಜನ ಸತ್ತರು. ಅವರಲ್ಲಿ ಹೆಚ್ಚಿನವರು 5 ವರ್ಷದೊಳಗಿನ ಮಕ್ಕಳು. ಡಿಸೆಂಬರ್ 5 ಮತ್ತು 6ರಂದು ಸರ್ಕಾರ ಎಲ್ಲ ಕೆಲಸ ನಿಲ್ಲಿಸಿ ಮನೆಮನೆಗೆ ಲಸಿಕೆ ತಂಡ ಕಳಿಸಿತು. ಲಸಿಕೆ ಆಗದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಹೇಳಿತ್ತು.

ಇಲ್ಲೊಂದು ವಿಷಯ ಗಮನಿಸಿ. ಅದೇ ಸಮಯದಲ್ಲಿ ಪಕ್ಕದ ಟೊಂಗಾ ಮತ್ತು ಫಿಜಿ ದ್ವೀಪಗಳಿಗೂ ದಡಾರ ಹೋಯಿತು. ಅದೇ ಸಾಗರ, ಅದೇ ವರ್ಷ, ಅದೇ ರೋಗ. ಅಲ್ಲಿ ಹೆಚ್ಚಿನ ಮಕ್ಕಳಿಗೆ ಮೊದಲೇ ಲಸಿಕೆ ಆಗಿತ್ತು. ಅಲ್ಲಿ ಒಬ್ಬರೂ ಸಾಯಲಿಲ್ಲ.

ಲಸಿಕೆಯ ಬಗ್ಗೆ ಯಾವ ಭಯ ಎದ್ದರೂ ಅದನ್ನು ಪರೀಕ್ಷಿಸುವ ದಾರಿ ಇದೇ: ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ‘ಲಸಿಕೆ ಹಾಕಿಸಿದ ಮೇಲೆ ಇಷ್ಟು ಮಕ್ಕಳಿಗೆ ಹೀಗಾಯಿತು’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ. ಹಾಕಿಸದ ಮಕ್ಕಳಲ್ಲಿ ಎಷ್ಟು ಮಂದಿಗೆ ಹಾಗಾಯಿತು? ಈ ಪ್ರಶ್ನೆಗೆ ಉತ್ತರ ಇಲ್ಲದ ಲೆಕ್ಕ ಲೆಕ್ಕವೇ ಅಲ್ಲ.

ಕಾಗೆ ಕೂತಿದ್ದು, ಟೊಂಗೆ ಮುರಿದಿದ್ದು

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯ್ತು ಅಂತ ನಮ್ಮಲ್ಲಿ ಒಂದು ಮಾತಿದೆ. ಟೊಂಗೆ ಆಗಲೇ ಟೊಳ್ಳಾಗಿತ್ತು. ಕಾಗೆ ಅದೇ ಹೊತ್ತಿಗೆ ಬಂದು ಕೂತಿತು. ನೋಡಿದವರಿಗೆ ಕಾಗೆಯೇ ಮುರಿದ ಹಾಗೆ ಕಾಣುತ್ತದೆ.

ಲಸಿಕೆಯ ವಿಷಯದಲ್ಲಿ ಇದು ಎಷ್ಟು ಸುಲಭವಾಗಿ ಆಗುತ್ತದೆ ಅನ್ನುವುದನ್ನು ಒಂದು ಲೆಕ್ಕದಲ್ಲಿ ನೋಡೋಣ. 2020ರ ಸರ್ಕಾರಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ 28 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅವರಲ್ಲಿ 20 ಮಕ್ಕಳು ಮೊದಲ 4 ವಾರಗಳಲ್ಲೇ ಹೋಗುತ್ತಿದ್ದರು. ಉಳಿದ 8 ಸಾವುಗಳು ಮುಂದಿನ 48 ವಾರಗಳಲ್ಲಿ ಹರಡಿಕೊಂಡಿರುತ್ತವೆ. ಅಂದರೆ 1 ಲಕ್ಷ ಮಕ್ಕಳನ್ನು ತೆಗೆದುಕೊಂಡರೆ, ಲಸಿಕೆಯ ಮಾತೇ ಇಲ್ಲದಿದ್ದರೂ, ಸರಾಸರಿ ಒಂದು ವಾರಕ್ಕೆ 16–17 ಮಕ್ಕಳು ನ್ಯುಮೋನಿಯಾ, ಭೇದಿ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಹೀಗೆ ಯಾವುದೋ ಕಾರಣಕ್ಕೆ ಸಾಯುತ್ತಾರೆ. ಇದು ದುಃಖದ ಲೆಕ್ಕ, ಆದರೆ ನಿಜವಾದ ಲೆಕ್ಕ.

ಈಗ ಆ 1 ಲಕ್ಷ ಮಕ್ಕಳಿಗೆ ಒಂದೇ ದಿನ ಲಸಿಕೆ ಹಾಕಿದೆವು ಅಂತಿಟ್ಟುಕೊಳ್ಳಿ. ಹಾಕಿದ್ದು ಬರೀ ನೀರಾಗಿದ್ದರೂ ಮುಂದಿನ ಒಂದು ವಾರದಲ್ಲಿ 16–17 ಮನೆಗಳಲ್ಲಿ ಸಾವು ಆಗುತ್ತದೆ. ಆ ಮನೆಯವರು ‘ಇಂಜೆಕ್ಷನ್ ಹಾಕಿಸಿದ ವಾರದಲ್ಲೇ ಹೋಯ್ತು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡಿದ್ದು ಅದೇ. ಹಾಗಾಗಿ ಮಗು ಕಳೆದುಕೊಂಡ ತಾಯಿಯ ಮಾತನ್ನು ತಳ್ಳಿಹಾಕಬಾರದು, ಬರೆದುಕೊಳ್ಳಬೇಕು, ಪರಿಶೀಲಿಸಬೇಕು. ಆದರೆ 16–17 ಸಾವು ಆಗುವ ಕಡೆ 40 ಆಯಿತಾ, ಅಥವಾ 16 ಮಾತ್ರ ಆಯಿತಾ ಅನ್ನುವುದು ಆ ಒಂದು ಮನೆಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲ ಮನೆಗಳ ಲೆಕ್ಕ ಬೇಕು.

ಹನ್ನೆರಡು ಮಕ್ಕಳ ಕಥೆ

ಲಸಿಕೆಯಿಂದ ಆಟಿಸಂ, ಅಂದರೆ ಮಾತು ಮತ್ತು ಒಡನಾಟದ ಬೆಳವಣಿಗೆಯಲ್ಲಿ ಕಾಣುವ ತೊಂದರೆ, ಬರುತ್ತದೆ ಎಂಬ ಮಾತು ಇವತ್ತಿಗೂ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಅದು ಜಗತ್ತಿನ ತುಂಬ ಹಬ್ಬಿದ್ದು 1998ರ ಫೆಬ್ರವರಿಯಿಂದ. ಲಂಡನ್ನಿನ ಆ್ಯಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಅವರ ಜೊತೆಗಾರರು ‘ದಿ ಲ್ಯಾನ್ಸೆಟ್’ ಎಂಬ ಹೆಸರಾಂತ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರಲ್ಲಿದ್ದದ್ದು 12 ಮಕ್ಕಳ ವಿವರ. ಎಂಎಂಆರ್ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು ಎಂದು 8 ಮಕ್ಕಳ ಕಡೆಯವರು ಹೇಳಿದ್ದರು.

ಆ ಕಾಲದ ಬ್ರಿಟನ್ನಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳಿಗೆ ಎಂಎಂಆರ್ ಹಾಕುತ್ತಿದ್ದರು. ಅದನ್ನು ಹಾಕುವ ವಯಸ್ಸು ಒಂದು ವರ್ಷದ ಆಸುಪಾಸು. ಆಟಿಸಂ ಇರುವ ಮಗು ಮಾತು ಕಲಿಯುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಅಂತ ಅಪ್ಪ ಅಮ್ಮನ ಗಮನಕ್ಕೆ ಬರುವುದೂ ಹೆಚ್ಚಾಗಿ ಒಂದರಿಂದ ಎರಡು ವರ್ಷದ ನಡುವೆ. ಎರಡೂ ಒಂದೇ ವಯಸ್ಸಿನಲ್ಲಿ ಆಗುವುದರಿಂದ ಒಂದರ ಹಿಂದೆ ಇನ್ನೊಂದು ಬಂದೇ ಬರುತ್ತದೆ. ಆ ಲೇಖನದಲ್ಲಿ ಹೋಲಿಸಿ ನೋಡಲು ಲಸಿಕೆ ಹಾಕಿಸದ ಮಕ್ಕಳ ಗುಂಪೇ ಇರಲಿಲ್ಲ. ನಮ್ಮ ಪ್ರಶ್ನೆಯನ್ನು ಅಲ್ಲಿ ಕೇಳಿರಲೇ ಇಲ್ಲ.

ಇಷ್ಟೇ ಆಗಿದ್ದರೆ ಅದನ್ನು ಒಂದು ದುರ್ಬಲ ಸಂಶೋಧನೆ ಎನ್ನಬಹುದಿತ್ತು. 2004ರಿಂದ ಬ್ರಯಾನ್ ಡೀರ್ ಎಂಬ ಪತ್ರಕರ್ತ ಇದರ ಬೆನ್ನು ಹತ್ತಿದರು. ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕಲು ತಯಾರಾಗುತ್ತಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಒಟ್ಟು 4 ಲಕ್ಷ 35 ಸಾವಿರ ಪೌಂಡ್‌ಗೂ ಹೆಚ್ಚು ಹಣ ಸಂದಿತ್ತು. ಲೇಖನ ಬರುವ ಮೊದಲೇ, 1997ರಲ್ಲಿ, ದಡಾರಕ್ಕೆ ತನ್ನದೇ ಬೇರೆ ಲಸಿಕೆಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ತಲಾ 5 ಪೌಂಡ್ ಕೊಟ್ಟು ರಕ್ತ ತೆಗೆಸಿದ್ದರು. ಎಲ್ಲ 12 ಮಕ್ಕಳೂ ಮೊದಲು ಸರಿಯಾಗಿದ್ದರು ಎಂದು ಲೇಖನ ಹೇಳಿತ್ತು. ಆಸ್ಪತ್ರೆ ದಾಖಲೆ ತೆಗೆದು ನೋಡಿದರೆ 5 ಮಕ್ಕಳ ಬೆಳವಣಿಗೆಯಲ್ಲಿ ಮೊದಲೇ ತೊಂದರೆ ಕಾಣಿಸಿಕೊಂಡಿತ್ತು. 2010ರಲ್ಲಿ ಪತ್ರಿಕೆ ಲೇಖನವನ್ನು ವಾಪಸ್ ಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿತು.

ವಾಪಸ್ ಪಡೆಯಲು 12 ವರ್ಷ ಹಿಡಿಯಿತು. ಇದು ತುಂಬಾ ತಡವಾಯಿತು, ಅದರ ಬೆಲೆಯನ್ನು ಮಕ್ಕಳು ತೆತ್ತರು ಎಂದೇ ನಾನು ಭಾವಿಸುತ್ತೇನೆ. ಬ್ರಿಟನ್ನಿನಲ್ಲಿ ಎಂಎಂಆರ್ ಹಾಕಿಸುವವರ ಪ್ರಮಾಣ 2003–04ರ ಹೊತ್ತಿಗೆ ನೂರಕ್ಕೆ 80ರ ಆಸುಪಾಸಿಗೆ ಇಳಿಯಿತು. ಆಗ ಲಸಿಕೆ ತಪ್ಪಿದ ಕೂಸುಗಳು ಹೈಸ್ಕೂಲ್ ವಯಸ್ಸಿಗೆ ಬಂದಾಗ, 2012–13ರಲ್ಲಿ, ವೇಲ್ಸ್‌ನ ಸ್ವಾನ್ಸಿ ಸುತ್ತಮುತ್ತ ದಡಾರ ಎದ್ದು 1,200ಕ್ಕೂ ಹೆಚ್ಚು ಜನರಿಗೆ ಹರಡಿತು. ಒಬ್ಬರು ತೀರಿಕೊಂಡರು.

ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಡೆನ್ಮಾರ್ಕ್ ಕೇಳಿತು. ಆ ದೇಶದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ನಂಬರ್ ಇರುತ್ತದೆ. ಯಾವ ಲಸಿಕೆ ಯಾವಾಗ ಆಯಿತು, ಯಾವ ಕಾಯಿಲೆ ಪತ್ತೆಯಾಯಿತು, ಎಲ್ಲವೂ ಆ ನಂಬರಿನಡಿ ದಾಖಲಾಗುತ್ತದೆ. 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳ ದಾಖಲೆಯನ್ನು ತೆಗೆದು ನೋಡಿದರು. ಅವರಲ್ಲಿ 30 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಎಂಎಂಆರ್ ಹಾಕಿಸಿರಲಿಲ್ಲ. ಒಟ್ಟು 6,517 ಮಕ್ಕಳಲ್ಲಿ ಆಟಿಸಂ ಇತ್ತು. ಹಾಕಿಸಿದವರು, ಹಾಕಿಸದವರು ಎರಡೂ ಗುಂಪಿನಲ್ಲಿ ಅದರ ಪ್ರಮಾಣ ಹೋಲಿಸಿದರು. ಲಸಿಕೆ ಹಾಕಿಸಿದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳನ್ನೇ ಬೇರೆ ಮಾಡಿ ನೋಡಿದರು. ಅಲ್ಲೂ ಇಲ್ಲ. 2019ರಲ್ಲಿ ಇದು ಪ್ರಕಟವಾಯಿತು. 2002ರಲ್ಲಿ ಅದೇ ದೇಶದ 5 ಲಕ್ಷಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನವೂ ಇದನ್ನೇ ಹೇಳಿತ್ತು.

ಒಂದು ಆರೋಪ ಬಿದ್ದ ಕೂಡಲೇ ಇನ್ನೊಂದು ಬರುತ್ತದೆ. ಎಂಎಂಆರ್ ಅಲ್ಲದಿದ್ದರೆ ಲಸಿಕೆಯಲ್ಲಿರುವ ಪಾದರಸ ಕಾರಣ ಎಂದರು. ಥಯೋಮರ್ಸಲ್ ಎಂಬ ಪಾದರಸದ ಅಂಶವಿರುವ ಆ ರಾಸಾಯನಿಕ ಎಂಎಂಆರ್‌ನಲ್ಲಿ ಯಾವತ್ತೂ ಇರಲೇ ಇಲ್ಲ. ಮುನ್ನೆಚ್ಚರಿಕೆಗೆಂದು ಅಮೆರಿಕ 2001ರ ಹೊತ್ತಿಗೆ ಚಿಕ್ಕ ಮಕ್ಕಳಿಗೆ ವಾಡಿಕೆಯಂತೆ ಹಾಕುವ ಲಸಿಕೆಗಳಿಂದ ಅದನ್ನು ತೆಗೆಯಿತು. ಆಟಿಸಂ ಪತ್ತೆಯಾಗುವ ಪ್ರಮಾಣ ಆಮೇಲೂ ಇಳಿಯಲಿಲ್ಲ.

‘ಹಾಕಿಸಿಕೊಂಡವರಿಗೂ ಬಂತಲ್ಲ?’

ಇದು ಇನ್ನೊಂದು ಸಾಮಾನ್ಯ ವಾದ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಒಂದು ಶಾಲೆಯನ್ನು ಊಹಿಸಿಕೊಳ್ಳಿ. 1,000 ಮಕ್ಕಳು. 950 ಮಕ್ಕಳಿಗೆ ದಡಾರದ ಎರಡೂ ಡೋಸ್ ಆಗಿದೆ, 50 ಮಕ್ಕಳಿಗೆ ಒಂದೂ ಆಗಿಲ್ಲ. ಎರಡು ಡೋಸ್ ಆದ ನೂರು ಮಕ್ಕಳಲ್ಲಿ ಸುಮಾರು 97 ಮಂದಿಗೆ ರಕ್ಷಣೆ ಸಿಗುತ್ತದೆ, 3 ಮಂದಿಗೆ ಸಿಗದೇ ಹೋಗಬಹುದು. ಲಸಿಕೆ ಇಲ್ಲದವರ ಹತ್ತಿರ ದಡಾರದ ರೋಗಿ ಬಂದರೆ ನೂರಕ್ಕೆ 90 ಮಂದಿಗೆ ಅಂಟುತ್ತದೆ.

ಶಾಲೆಯ ಎಲ್ಲರಿಗೂ ರೋಗಾಣು ತಾಗಿತು ಅಂದುಕೊಳ್ಳಿ. ಲಸಿಕೆ ಆದವರಲ್ಲಿ ಸುಮಾರು 28, ಆಗದವರಲ್ಲಿ 45, ಒಟ್ಟು 73 ಮಕ್ಕಳು ಮಲಗುತ್ತಾರೆ. ಮೊಬೈಲಿಗೆ ಬರುವ ಮೆಸೇಜ್ ಹೀಗಿರುತ್ತದೆ: ‘ದಡಾರ ಬಂದವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮಕ್ಕಳು ಲಸಿಕೆ ಹಾಕಿಸಿಕೊಂಡವರೇ!’ ಮಾತು ನಿಜ. ಆದರೆ 950ರಲ್ಲಿ 28, 50ರಲ್ಲಿ 45. ನಿಮ್ಮ ಮಗು ಯಾವ ಗುಂಪಿನಲ್ಲಿರಬೇಕು?

ದಡಾರ ಇಷ್ಟು ಜೋರಾಗಿ ಹರಡಲು ಕಾರಣವಿದೆ. ರೋಗಿ ಕೆಮ್ಮಿ ಎದ್ದುಹೋದ ಮೇಲೂ ವೈರಸ್ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹೋಗುತ್ತದೆ. ಹಾಗಾಗಿಯೇ ನೂರಕ್ಕೆ 95 ಜನರಿಗೆ ಲಸಿಕೆ ಆಗಿರಬೇಕು ಎನ್ನುವುದು. 9 ತಿಂಗಳೂ ತುಂಬದ ಕೂಸಿಗೆ ನಮ್ಮಲ್ಲಿ ದಡಾರದ ಲಸಿಕೆ ಹಾಕುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೂ ಹಾಕುವಂತಿಲ್ಲ. ಅಕ್ಕಪಕ್ಕದ ಮಕ್ಕಳಿಗೆ ಆಗಿದ್ದರೆ ಮಾತ್ರ ಅವರು ಉಳಿಯುತ್ತಾರೆ.

‘ನಮ್ಮ ಕಾಲದಲ್ಲಿ ಎಲ್ಲರಿಗೂ ಅಮ್ಮ ಬರ್ತಿತ್ತು, ಬೇವಿನಸೊಪ್ಪು ಹಾಸಿ ಮಲಗಿಸ್ತಿದ್ವಿ, ಏನೂ ಆಗ್ಲಿಲ್ಲ’ ಎಂದು ಅಜ್ಜಿಯರು ಹೇಳುವುದುಂಟು. ಹೇಳುತ್ತಿರುವುದು ಬದುಕಿ ಉಳಿದವರು. 1963ರಲ್ಲಿ ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ದಡಾರದಿಂದ ಸಾಯುತ್ತಿದ್ದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉಳಿದವರಿಗೂ ಪೆಟ್ಟು ಬೀಳುತ್ತದೆ. ಬೇರೆ ರೋಗಗಳ ವಿರುದ್ಧ ದೇಹ ಆಗಲೇ ಕಲಿತಿದ್ದ ಪಾಠವನ್ನು ದಡಾರ ಅಳಿಸಿಹಾಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಸಿಕೆ ಆಗದ ಮಕ್ಕಳ ರಕ್ತವನ್ನು ದಡಾರ ಬರುವ ಮೊದಲು ಮತ್ತು ಬಂದ ಮೇಲೆ ಪರೀಕ್ಷಿಸಿದಾಗ, ಬೇರೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಕಾಣೆಯಾಗಿದ್ದವು. ದಡಾರ ವಾಸಿಯಾಗಿ ತಿಂಗಳುಗಳ ನಂತರ ಮಗು ನ್ಯುಮೋನಿಯಾಕ್ಕೆ ತುತ್ತಾದರೆ ಯಾರೂ ದಡಾರವನ್ನು ದೂರುವುದಿಲ್ಲ.

ಇದೇ ಪ್ರಶ್ನೆ ಲಸಿಕೆಯನ್ನೂ ಹಿಡಿದುಹಾಕಿದೆ

‘ವಿಜ್ಞಾನಿಗಳು ಲಸಿಕೆಯ ತಪ್ಪನ್ನು ಮುಚ್ಚಿಡುತ್ತಾರೆ’ ಎಂಬುದು ಚಳವಳಿಯ ದೊಡ್ಡ ಆರೋಪ. ನನಗೆ ವೈದ್ಯಕೀಯ ವಿಜ್ಞಾನದ ಮೇಲೆ ನಂಬಿಕೆ ಬಂದಿದ್ದು ಈ ಆರೋಪಕ್ಕೆ ಉತ್ತರ ಹುಡುಕುವಾಗಲೇ.

1998ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ರೋಟಾಶೀಲ್ಡ್ ಎಂಬ ಲಸಿಕೆಗೆ ಅನುಮತಿ ಸಿಕ್ಕಿತು. ಮಕ್ಕಳಿಗೆ ವಿಪರೀತ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ. ಲಸಿಕೆಯ ನಂತರ ಏನೇ ತೊಂದರೆಯಾದರೂ ಬರೆದು ಕಳಿಸುವ ವ್ಯವಸ್ಥೆ ಅಲ್ಲಿತ್ತು. 1999ರ ಜುಲೈ ಹೊತ್ತಿಗೆ ಅದಕ್ಕೆ ಒಂದೇ ಬಗೆಯ ತೊಂದರೆಯ 15 ವರದಿಗಳು ಬಂದವು. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಸೇರಿಕೊಂಡು ಸಿಕ್ಕಿಬೀಳುವ ಅಪಾಯಕಾರಿ ತೊಂದರೆ ಅದು. ಲಸಿಕೆ ಇಲ್ಲದ ಕೂಸುಗಳಿಗೂ ಅದು ಬರುತ್ತದೆ. ಹಾಗಾದರೆ 15 ಎನ್ನುವುದು ಕಾಕತಾಳೀಯವೋ, ಅಲ್ಲವೋ? ತಕ್ಷಣ ಲಸಿಕೆ ಹಾಕುವುದನ್ನು ತಡೆದು, 19 ರಾಜ್ಯಗಳಲ್ಲಿ ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಲಸಿಕೆಯ ವಿರುದ್ಧ ಬಂತು. ಮೊದಲ ಡೋಸ್ ಆದ 3ರಿಂದ 14 ದಿನಗಳಲ್ಲಿ ಅಪಾಯ ಹಲವು ಪಟ್ಟು ಏರುತ್ತಿತ್ತು. ಒಟ್ಟಾರೆ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ. ಅಕ್ಟೋಬರ್‌ನಲ್ಲಿ ಲಸಿಕೆ ಮಾರುಕಟ್ಟೆಯಿಂದ ಹೊರಹೋಯಿತು.

10,000ಕ್ಕೆ ಒಂದು. ಅಷ್ಟು ಸಣ್ಣ ಅಪಾಯವನ್ನು ಒಂದು ವರ್ಷದೊಳಗೆ ಹಿಡಿಯಬಲ್ಲ ವ್ಯವಸ್ಥೆ ಇದು. ಎಂಎಂಆರ್‌ನಿಂದ ನಿಜವಾಗಿ ಆಟಿಸಂ ಬರುತ್ತಿದ್ದರೆ, ಇಷ್ಟು ದೇಶಗಳ ಲಕ್ಷಾಂತರ ಮಕ್ಕಳ ದಾಖಲೆಯಲ್ಲಿ ಅದು ಕಾಣದೇ ಹೋಗುವ ಮಾತಿಲ್ಲ. ಆಮೇಲೆ ಬಂದ ಎರಡು ರೋಟಾವೈರಸ್ ಲಸಿಕೆಗಳನ್ನು ಈ ಅಪಾಯವನ್ನು ಹುಡುಕಲೆಂದೇ ತಲಾ 60 ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಒಳಗೊಂಡ ಪ್ರಯೋಗಗಳಲ್ಲಿ ಪರೀಕ್ಷಿಸಿದ ಮೇಲಷ್ಟೇ ಒಪ್ಪಿದರು.

ಪೋಲಿಯೊ ಹನಿಯ ವಿಷಯವೂ ಹೀಗೆಯೇ. ಹನಿಯಲ್ಲಿರುವ ದುರ್ಬಲ ವೈರಸ್ ತೀರಾ ಅಪರೂಪಕ್ಕೆ ಮತ್ತೆ ಬಲ ಪಡೆದು ಕಾಯಿಲೆ ತರಬಲ್ಲದು ಎಂಬುದನ್ನು ಹುಡುಕಿ ಹೇಳಿದ್ದು ಲಸಿಕೆ ವಿರೋಧಿಗಳಲ್ಲ, ಪೋಲಿಯೊ ಓಡಿಸಲು ದುಡಿಯುತ್ತಿದ್ದವರೇ. ಅದಕ್ಕಾಗಿಯೇ ಭಾರತ 2015ರಲ್ಲಿ ಪೋಲಿಯೊ ಚುಚ್ಚುಮದ್ದನ್ನೂ ಸೇರಿಸಿತು, 2016ರಲ್ಲಿ ಹನಿಯಿಂದ ಎರಡನೇ ಬಗೆಯ ವೈರಸ್ಸನ್ನು ತೆಗೆಯಿತು.

ನಮ್ಮ ಮಲೆನಾಡಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಒಂದು ಲಸಿಕೆ ಹಾಕುತ್ತಿದ್ದರು. ಹಾಕಿಸಿಕೊಂಡವರಿಗೂ ಜ್ವರ ಬರತೊಡಗಿತು. ಅಧ್ಯಯನ ಮಾಡಿದಾಗ ರಕ್ಷಣೆ ತೀರಾ ಕಡಿಮೆ ಎಂಬುದು ಕಂಡಿತು. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿದರು. ಹೊಸದರ ಕೆಲಸ ಶುರುವಾಯಿತು. ಒಂದು ಲಸಿಕೆ ಕೆಲಸ ಮಾಡುತ್ತಿಲ್ಲ ಎಂದು ಹೇಳಿ ನಿಲ್ಲಿಸಿದ್ದು ವಿಜ್ಞಾನವೇ.

ಅನುಮಾನಕ್ಕೆ ಕಾರಣ ಇರುವ ಕಡೆ

ಇಷ್ಟೆಲ್ಲ ಹೇಳಿದ ಮೇಲೆ ವ್ಯವಸ್ಥೆಯ ತಪ್ಪುಗಳನ್ನೂ ಹೇಳಬೇಕು. 2009–10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಹಾಕಿದರು. ಅವರಲ್ಲಿ 7 ಮಂದಿ ತೀರಿಕೊಂಡರು. ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಇಬ್ಬರು ಕ್ರಿಮಿನಾಶಕ ಕುಡಿದಿದ್ದರು, ಮಲೇರಿಯಾವೂ ಒಂದು ಕಾರಣವಾಗಿತ್ತು. ಲಸಿಕೆಯಿಂದ ಸತ್ತರು ಎನ್ನಲು ಆಧಾರ ಸಿಗಲಿಲ್ಲ. ಆದರೆ ಬುಡಕಟ್ಟಿನ ಬಡ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಲಸಿಕೆ ಸುರಕ್ಷಿತ ಅನ್ನುವುದೂ ನಿಜ, ಆ ಮಕ್ಕಳಿಗೆ ಅನ್ಯಾಯವಾಯಿತು ಅನ್ನುವುದೂ ನಿಜ. ಎರಡನೆಯದನ್ನು ಒಪ್ಪಿಕೊಳ್ಳದೆ ಮೊದಲನೆಯದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ನಂತರ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟ ಮತ್ತು ಬಳಸಿದ ರೀತಿಯಲ್ಲಿ ನಿರ್ಲಕ್ಷ್ಯ ಕಂಡುಬಂದಿದೆ ಎಂದು ಸಿಬ್ಬಂದಿಯನ್ನು ಅಮಾನತು ಮಾಡಿದರು. ಇಂಥ ಸಾವು ಒಂದಾದರೂ ಅದು ಕ್ಷಮಿಸುವಂಥದ್ದಲ್ಲ. ಅದಕ್ಕೆ ಮದ್ದು ಲಸಿಕೆ ಬಿಡುವುದಲ್ಲ, ನಿಯಮವನ್ನು ಎಲ್ಲರೂ ಗಟ್ಟಿಯಾಗಿ ಕೇಳುವುದು. ಈ ಲಸಿಕೆಯ ಬಾಟಲಿಯನ್ನು ಕಲಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ‘ಸಿಸ್ಟರ್, ಇದನ್ನು ಎಷ್ಟು ಗಂಟೆಗೆ ಓಪನ್ ಮಾಡಿದ್ರಿ?’ ಎಂದು ಕೇಳುವುದು ಯಾವ ತಾಯಿಗೂ ಸಲ್ಲುವ ಹಕ್ಕು. ಒಳ್ಳೆಯ ನರ್ಸ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ತೀವ್ರ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಔಷಧಿ ಅಲ್ಲಿರುತ್ತದೆ. ಮನೆಗೆ ಬಂದ ಮೇಲೆ ಜ್ವರ, ತೋಳಿನ ಊತ ಬಿಟ್ಟು ಬೇರೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ರೋಟಾಶೀಲ್ಡ್ ಸಿಕ್ಕಿಬಿದ್ದದ್ದು ಹೀಗೆ ಯಾರೋ ಬರೆದು ಕಳಿಸಿದ 15 ವರದಿಗಳಿಂದ.

2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ, ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮೆಸೇಜ್‌ಗಳು ಓಡಾಡಿ ಹಲವರು ಹಿಂದೆ ಸರಿದರು. ರುಬೆಲ್ಲಾದ ವಿಷಯದಲ್ಲಿ ಸತ್ಯ ಇದಕ್ಕೆ ಪೂರ್ತಿ ಉಲ್ಟಾ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಗರ್ಭ ಇಳಿದುಹೋಗಬಹುದು. ಉಳಿದರೆ ಮಗು ಕಣ್ಣು, ಕಿವಿ, ಹೃದಯದ ತೊಂದರೆ ಹೊತ್ತು ಹುಟ್ಟಬಹುದು. ಆ ಅಭಿಯಾನ ನಡೆದದ್ದೇ ಇದನ್ನು ತಪ್ಪಿಸಲು.

ನಿಮ್ಮ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ದಡಾರ-ರುಬೆಲ್ಲಾದ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡನೆಯದನ್ನೇ ಜನ ಹೆಚ್ಚು ಮರೆಯುವುದು. ತಪ್ಪಿಹೋಗಿದ್ದರೂ 5 ವರ್ಷ ತುಂಬುವವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕಿಸಬಹುದು.